ಎರಡು ಎಂಬಿಯೊಳಗಿನ ಸೋಬಾನೆ

ಹಾರಂಗಿ ತುಂಬುವುದು ನಮ್ಮಂಥ ಸ್ಟ್ರಿಂಜರ್‌ಗಳಿಗೆ ಮಳೆಗಾಲದ ಖಾಯಂ ಸುದ್ದಿ. ಗರಿಷ್ಠ ಮಟ್ಟ 2,859 ಅಡಿ ಎಂಬುದು ನಮಗೆ ಮನೆಯವರ ಫೋನ್ ನಂಬರಿಗಿಂತ ಚೆನ್ನಾಗಿ ನೆನಪಿದೆ. ಗೇಟ್ ತೆರೆದ ದಿನ ಒಂದು ಫೋಟೊ, ಅರ್ಧ ನಿಮಿಷದ ವಿಡಿಯೊ, ನದಿಪಾತ್ರದ ಜನರಿಗೆ ಎಚ್ಚರಿಕೆ ಎಂಬ ನಾಲ್ಕು ಸಾಲು. ಈಚೆಗೆ ಇದಕ್ಕೆ ಆಡಿಯೊ ಕೂಡ ಸೇರಿಕೊಂಡಿದೆ. ನಾವು ಸುದ್ದಿ ಕಳಿಸುವ ಪೋರ್ಟಲ್ ಒಂದರ ಡೆಸ್ಕಿನಿಂದ ಪ್ರತಿ ಸಲ ಬರುವುದು ಅದೇ ಸಾಲು: ‘ಎಂಪಿ3 ಕಳಿಸಿ, 2 ಎಂಬಿ ದಾಟಬಾರದು.’

ಈ 2 ಎಂಬಿಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆವು. ಡಿಪ್ಲೊಮಾದಲ್ಲಿ ನಮಗೆ ತಲೆಬರಹ ಕೊಡಲು ಕಲಿಸಿದರು, ಪುಟ ಕಟ್ಟಲು ಕಲಿಸಿದರು. ಧ್ವನಿಯನ್ನು ಎಡಿಟ್ ಮಾಡಿ ಮುಗಿಸಿ ‘ಎಕ್ಸ್‌ಪೋರ್ಟ್’ ಒತ್ತಿದಾಗ ತೆರೆದುಕೊಳ್ಳುವ ಪುಟ್ಟ ಕಿಟಕಿಯ ಬಗ್ಗೆ ಯಾರೂ ಹೇಳಲಿಲ್ಲ. ಹೊಸದಾಗಿ ಫೀಲ್ಡಿಗೆ ಇಳಿದಿರುವ ತಮ್ಮ ತಂಗಿಯರಿಗಾದರೂ ಉಪಯೋಗಕ್ಕೆ ಬಂದೀತು.

ನಾವು ಬಳಸುವುದು ಆಡಾಸಿಟಿ. ಪುಕ್ಕಟೆ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕುಶಾಲನಗರದಲ್ಲಿ ಆರ್ಕೆಸ್ಟ್ರಾ ಟ್ರ್ಯಾಕ್ ಮಾಡಿಕೊಡುವ ಗೆಳೆಯನೊಬ್ಬನ ಬಳಿ ಎಫ್‌ಎಲ್ ಸ್ಟುಡಿಯೊ ಇದೆ. ಸಾಫ್ಟ್‌ವೇರ್ ಯಾವುದಾದರೂ ಆ ಕಿಟಕಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ವೇವ್ ಬೇಕೋ, ಫ್ಲ್ಯಾಕ್ ಬೇಕೋ, ಎಂಪಿ3 ಬೇಕೋ, ಓಗ್ ಬೇಕೋ? ಎಂಪಿ3 ಆದರೆ ಬಿಟ್‌ರೇಟ್ ಎಷ್ಟು? ಮೊನೊ ಅಥವಾ ಸ್ಟೀರಿಯೊ?

ಲೆಕ್ಕ ಸರಳ. ಸಿ.ಡಿ. ಗುಣಮಟ್ಟದ ವೇವ್ ಫೈಲ್ ಎಂದರೆ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ, ಪ್ರತಿ ಅಳತೆಗೆ 16 ಬಿಟ್, ಅದೂ ಎಡಕ್ಕೊಂದು ಬಲಕ್ಕೊಂದು. ಒಟ್ಟು ಸೆಕೆಂಡಿಗೆ 1,411 ಕಿಲೋಬಿಟ್, ನಿಮಿಷಕ್ಕೆ ಸುಮಾರು 10 ಎಂಬಿ. ಅದೇ 128 ಕೆಬಿಪಿಎಸ್ ಎಂಪಿ3ಯಲ್ಲಿ ನಿಮಿಷಕ್ಕೆ 1 ಎಂಬಿ. ಉಳಿದ ಒಂಬತ್ತು ಎಂಬಿ ಎಲ್ಲಿ ಹೋಯಿತು?

ಎಸೆದದ್ದು. ಆದರೆ ಕಣ್ಣುಮುಚ್ಚಿ ಎಸೆದದ್ದಲ್ಲ. ಜೋರಾದ ಸದ್ದಿನ ಪಕ್ಕದಲ್ಲೇ ಇರುವ ಮೆಲ್ಲನೆಯ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ಸಂತೆಯಲ್ಲಿ ಮೈಕಿನವನು ಕೂಗುವಾಗ ಪಕ್ಕದವರು ಪಿಸುಗುಟ್ಟಿದ್ದು ಕೇಳದ ಹಾಗೆ. ಎಂಪಿ3 ಈ ದೌರ್ಬಲ್ಯವನ್ನು ಬಳಸಿಕೊಂಡು, ಕೇಳಿಸದ್ದನ್ನು ಮೊದಲು ಕೈಬಿಡುತ್ತದೆ. 192ರಲ್ಲೋ 256ರಲ್ಲೋ ನಮ್ಮಲ್ಲಿ ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಎಫ್‌ಎಂ ರೇಡಿಯೊ ಹೇಗೂ 15 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಒಯ್ಯುತ್ತದೆ. ಮಡಿಕೇರಿ ಆಕಾಶವಾಣಿ ಕೇಳುತ್ತಾ ಬೆಳೆದ ನಮಗೆ ಅದರಿಂದ ಯಾವ ಹಾಡೂ ಕಮ್ಮಿಯಾಗಲಿಲ್ಲ. ಆದ್ದರಿಂದ ಕಂಪ್ರೆಸ್ ಮಾಡುವುದೇ ಪಾಪ ಎಂಬ ವಾದ ನಮ್ಮದಲ್ಲ.

ತೊಂದರೆ ಶುರುವಾಗುವುದು ಕೆಳಗಿಳಿದಾಗ. 64, 48, 32. ಅಲ್ಲಿ ಎಂಪಿ3ಗೆ ಜಾಗ ಸಾಲದೆ, ಕೇಳಿಸುವುದನ್ನೂ ಎಸೆಯಬೇಕಾಗುತ್ತದೆ. ಇದನ್ನು ಪರೀಕ್ಷಿಸಲು ಹಾರಂಗಿಗಿಂತ ಒಳ್ಳೆಯ ಜಾಗ ಇಲ್ಲ. ಗೇಟಿನಿಂದ ನೀರು ಧುಮುಕುವ ಸದ್ದನ್ನು ರೆಕಾರ್ಡ್ ಮಾಡಿ 48ಕ್ಕೆ ಇಳಿಸಿ ನೋಡಿ. ಭೋರ್ಗರೆತ ಹೋಗಿ ಬಾಣಲೆಯಲ್ಲಿ ಹಪ್ಪಳ ಕರಿದಂತೆ ಕೇಳುತ್ತದೆ, ಅಡಿಯಲ್ಲೊಂದು ಗುಳುಗುಳು. ಹಾಡಿನಲ್ಲಿ, ಮಾತಿನಲ್ಲಿ ಒಂದು ಕ್ರಮ ಇರುತ್ತದೆ, ಅದನ್ನು ಚುಟುಕಾಗಿ ಬರೆದಿಡಬಹುದು. ನೀರಿನ ಸದ್ದಿನಲ್ಲಿ ಎಲ್ಲ ಸ್ವರಗಳೂ ಒಟ್ಟಿಗೆ, ಒಂದು ಕ್ಷಣ ಇದ್ದಂತೆ ಇನ್ನೊಂದು ಕ್ಷಣ ಇಲ್ಲ. ಮಳೆಯೂ ಹಾಗೆಯೇ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸದ್ದಿಲ್ಲದ ರೆಕಾರ್ಡಿಂಗ್ ಯಾರ ಹತ್ತಿರ ಇದೆ ಹೇಳಿ? ಇರುವ ಬಿಟ್‌ಗಳನ್ನೆಲ್ಲ ಶೀಟಿನ ಮೇಲೆ ಬೀಳುವ ಮಳೆಯೇ ತಿಂದುಹಾಕುತ್ತದೆ, ಮಾತಾಡುವವರ ಪಾಲಿಗೆ ಉಳಿದದ್ದು.

ಗೇಟಿನ ಸದ್ದು ಕೆಟ್ಟರೆ ಯಾರಿಗೂ ನಷ್ಟವಿಲ್ಲ, ಮುಂದಿನ ವರ್ಷ ಮತ್ತೆ ತೆರೆಯುತ್ತಾರೆ. ಮನುಷ್ಯರ ವಿಷಯ ಹಾಗಲ್ಲ.

ಹಿನ್ನೀರಿನ ಆಚೆಯ ಊರೊಂದರಲ್ಲಿ ಸೋಬಾನೆ ಹಾಡುವ ಅಜ್ಜಿಯೊಬ್ಬರಿದ್ದರು. ಅರೆಭಾಷೆ ಗೌಡರ ಮನೆ. ಸುತ್ತಲ ಮದುವೆಗಳಿಗೆಲ್ಲ ಅವರೇ ಬೇಕಿತ್ತು. ಈಗ ಮದುವೆ ಎಂದರೆ ಕಲ್ಯಾಣ ಮಂಟಪ, ಡಿಜೆ. ಸೋಬಾನೆ ಬಲ್ಲವರು ಬೆರಳೆಣಿಕೆ. ಪೋರ್ಟಲ್‌ಗೆ ಒಂದು ಲೇಖನ ಮಾಡೋಣ ಎಂದು ಜೂನ್ ತಿಂಗಳ ಒಂದು ಮಧ್ಯಾಹ್ನ ಹೋಗಿದ್ದೆವು. ಜಗಲಿಯಲ್ಲಿ ಅಜ್ಜಿ, ಹಿಂದೆ ಸೊಲ್ಲು ಹಿಡಿಯಲು ಅವರ ಮಗಳು ಮತ್ತು ನಾದಿನಿ, ಹೊರಗೆ ಮಳೆ. ಕಪ್ಪು ಕಾಫಿ ಕೊಟ್ಟು, ಐದು ನಿಮಿಷದ ಒಂದು ಹಾಡು ಹೇಳಿದರು.

ಐದು ನಿಮಿಷವನ್ನು 2 ಎಂಬಿಗೆ ಹಿಡಿಸಬೇಕು. 64 ಕೆಬಿಪಿಎಸ್‌ನಲ್ಲಿ 2.4 ಎಂಬಿ ಆಗುತ್ತದೆ, ದಾಟಿತು. 48, ಮೊನೊ: 1.8. ಅದನ್ನೇ ಕಳಿಸಿದೆವು. ಪೋರ್ಟಲ್‌ನಿಂದ ಅದು ವಾಟ್ಸ್‌ಆ್ಯಪ್‌ಗೆ ಇಳಿದು ಊರೂರು ಸುತ್ತಿತು. ಕೆಲವರು ಒಂದು ಫೋನಿನಲ್ಲಿ ಹಾಕಿ ಇನ್ನೊಂದರಲ್ಲಿ ವಾಯ್ಸ್ ನೋಟ್ ಮಾಡಿ ಹಂಚಿದರು. ಅಂದರೆ ಮತ್ತೊಮ್ಮೆ ಹಿಂಡಿದಂತಾಯಿತು.

ಹಿಂಡಿದ್ದನ್ನು ಮತ್ತೆ ಹಿಂಡುವ ಬಗ್ಗೆ ಒಂದು ಮಾತು. ಎಂಪಿ3 ತೆರೆದು, ಸ್ವಲ್ಪ ಕತ್ತರಿಸಿ, ಮತ್ತೆ ಎಂಪಿ3 ಆಗಿ ಉಳಿಸಿದರೆ ಪ್ರತಿ ಸಲವೂ ಒಂದಿಷ್ಟು ಹೋಗುತ್ತದೆ. ಇನ್ನು ಕೆಲವರು ‘ವೇವ್ ಬೇಕು’ ಎಂದು ಕೇಳಿದವರಿಗೆ ಎಂಪಿ3ಯನ್ನೇ ವೇವ್ ಮಾಡಿ ಕೊಡುವುದುಂಟು. ಗಾತ್ರ ದೊಡ್ಡದಾಗುತ್ತದೆ, ಹೋದದ್ದೇನೂ ಬರುವುದಿಲ್ಲ. ಪಲ್ಪರಿಗೆ ಹಾಕಿದ ಕಾಫಿಹಣ್ಣಿಗೆ ಸಿಪ್ಪೆ ಮತ್ತೆ ಅಂಟೀತೇ?

ಅಜ್ಜಿ ಮುಂದಿನ ವರ್ಷ ತೀರಿಕೊಂಡರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗ ಫೋನ್ ಮಾಡಿ, ‘ಅಣ್ಣಾ, ಅಜ್ಜಿ ಹಾಡಿದ್ದು ನಿಮ್ಮ ಹತ್ರ ಬೇರೆ ಏನಾದ್ರೂ ಉಂಟಾ? ಇಲ್ಲಿರೋದ್ರಲ್ಲಿ ಮಾತೇ ಗೊತ್ತಾಗಲ್ಲ’ ಎಂದ. ಇತ್ತು. ಕಳಿಸುವ ಪ್ರತಿ ಬೇರೆ, ಇಟ್ಟುಕೊಳ್ಳುವ ಪ್ರತಿ ಬೇರೆ ಎಂಬುದು ಫೋಟೊಗಳಿಂದಲೇ ನಮಗೆ ಬಂದ ಅಭ್ಯಾಸ. ರೆಕಾರ್ಡರ್‌ನ ಮೂಲ ವೇವ್ ಹಾರ್ಡ್‌ಡಿಸ್ಕಿನಲ್ಲಿತ್ತು. ಲ್ಯಾಪ್‌ಟಾಪ್ ತೆಗೆದುಕೊಂಡು ಮನೆಗೇ ಹೋದೆವು.

ಮಗಳಿಗೆ, ಅಂದರೆ ಆ ಹುಡುಗನ ತಾಯಿಗೆ, ಹೆಡ್‌ಫೋನ್ ಹಾಕಿಸಿದೆವು. ಹಾಡಿನ ನಡುವೆ ಒಂದು ಕಡೆ ಅಜ್ಜಿ ತಡೆದು ನಿಲ್ಲುತ್ತಾರೆ, ಆಮೇಲೆ ಮುಂದುವರಿಸುತ್ತಾರೆ. ಫೋನಿನ ಪ್ರತಿಯಲ್ಲಿ ಅಲ್ಲಿ ಬರೀ ಮಳೆಯ ಗುಳುಗುಳು. ಉಸಿರು ತೆಗೆದುಕೊಂಡಿದ್ದಾರೆ ಎಂದೇ ಎಲ್ಲರೂ ತಿಳಿದಿದ್ದರು. ವೇವ್‌ನಲ್ಲಿ ಆ ಜಾಗದಲ್ಲಿ ಬಲಗಡೆಯಿಂದ ತೀರಾ ಮೆಲ್ಲಗೆ ಇನ್ನೊಂದು ದನಿ ಇದೆ. ಮುಂದಿನ ಸಾಲಿನ ಮೊದಲ ಎರಡು ಶಬ್ದ. ಅಕ್ಕ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು, ‘ಇನ್ನೊಮ್ಮೆ ಹಾಕಿ’ ಎಂದರು. ಮತ್ತೆ ಹಾಕಿದೆವು. ‘ಇದು ನಾನು. ಅಮ್ಮ ಸಾಲು ಮರೆತಿದ್ದರು, ನಾನು ಹೇಳಿಕೊಟ್ಟೆ. ನನಗೇ ನೆನಪಿರಲಿಲ್ಲ.’

ಆ ಸಾಲು ಅವರಿಗೆ ಗೊತ್ತಿತ್ತು ಎಂಬುದು ಮನೆಯವರಿಗೆ ಹೊಸ ವಿಷಯ. ಅಜ್ಜಿಯ ನಂತರ ಹಾಡುವವರು ಯಾರೂ ಇಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು, ನಮ್ಮ ಲೇಖನದಲ್ಲೂ ಮನೆಯವರ ಮಾತಾಗಿ ಅದೇ ಬಂದಿತ್ತು. ಅಕ್ಕ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅದೇ ಹಾಡಿನ ಗುನುಗು ಕೇಳಿತು. ರೆಕಾರ್ಡರ್ ತೆಗೆಯಬೇಕು ಅನ್ನಿಸಿತು, ತೆಗೆಯಲಿಲ್ಲ.

ಜರ್ಮನಿಯಲ್ಲಿ ಎಂಪಿ3 ರೂಪಿಸುತ್ತಿದ್ದಾಗ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಎಂಬ ಎಂಜಿನಿಯರು ಅದನ್ನು ತಿದ್ದಲು ಮತ್ತೆ ಮತ್ತೆ ಕೇಳಿದ್ದು ಸೂಸನ್ ವೇಗಾ ಎಂಬ ಗಾಯಕಿಯ ‘ಟಾಮ್ಸ್ ಡೈನರ್’ ಹಾಡನ್ನು. ವಾದ್ಯವೇ ಇಲ್ಲದ ಒಂಟಿ ಹೆಂಗಸಿನ ದನಿ. ಅದನ್ನು ಕೆಡದ ಹಾಗೆ ಹಿಂಡುವುದೇ ಕಷ್ಟವಾಗಿತ್ತಂತೆ. ನಮ್ಮ ಜಗಲಿಯ ಸೋಬಾನೆಯೂ ವಾದ್ಯವಿಲ್ಲದ್ದೇ, ಮೇಲೆ ಕೊಡಗಿನ ಮಳೆ ಬೇರೆ.

ಎಂಪಿ3ಯ ಪೇಟೆಂಟ್ ಗೊಡವೆ 2017ರಲ್ಲಿ ಮುಗಿಯಿತು. ಅದಕ್ಕೂ ಮುಂಚೆ ಆಡಾಸಿಟಿಯಲ್ಲಿ ಎಂಪಿ3 ಮಾಡಬೇಕೆಂದರೆ ಲೇಮ್ ಎಂಬ ಫೈಲನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು, 2019ರ 2.3.2 ಆವೃತ್ತಿಯಿಂದ ಅದು ಒಳಗೇ ಇದೆ. ಈಗ ಒಂದೇ ಕ್ಲಿಕ್. ಸುಲಭವಾದಷ್ಟೂ ಜನ ಕಿಟಕಿ ಓದುವುದನ್ನು ಬಿಟ್ಟಿದ್ದಾರೆ ಎಂದು ನಮ್ಮ ಗುಮಾನಿ.

ಮೊಮ್ಮಗನಿಗೆ ಫ್ಲ್ಯಾಕ್ ಮಾಡಿ ಕೊಟ್ಟೆವು. ಅದು ವೇವ್‌ನ ಅರ್ಧದಷ್ಟಕ್ಕೆ ಇಳಿಯಬಹುದು, ಆದರೆ ಒಂದು ಬಿಟ್ಟೂ ಕಳೆಯುವುದಿಲ್ಲ. ಬೇಕೆಂದಾಗ ಮೂಲ ವೇವ್ ಹಾಗೆಯೇ ವಾಪಸ್. ಒಂದು ಪೆನ್‌ಡ್ರೈವ್ ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ಇಡಲು ಹೇಳಿದೆವು. ಮಳೆ ಸದ್ದು ತೆಗೆದುಕೊಡಬಹುದಾ ಎಂದು ಕೇಳಿದ. ತೆಗೆಯಬಹುದು, ಆದರೆ ಆ ಮೆಲುದನಿಯೂ ಜತೆಗೇ ಹೋಗುವ ಸಂಭವ ಇದೆ ಎಂದಾಗ ಬೇಡ ಎಂದ.

ಅಕ್ಕನ ಫೋನಿನಲ್ಲಿ ಜಾಗ ಇರಲಿಲ್ಲ, ಗುಡ್ ಮಾರ್ನಿಂಗ್ ಚಿತ್ರಗಳು ತುಂಬಿದ್ದವು. ಒಂದಷ್ಟನ್ನು ಅಳಿಸಿ, ಅವರಿಗಾಗಿ ಮತ್ತೆ ಎಕ್ಸ್‌ಪೋರ್ಟ್ ಕಿಟಕಿ ತೆರೆದೆವು. ಮೊನೊ ಮಾಡಿದರೆ ಅವರ ದನಿ ಅಜ್ಜಿಯ ದನಿಯ ಮೇಲೇ ಬಂದು ಕೂರುತ್ತದೆ, ಸ್ಟೀರಿಯೊದಲ್ಲಿ ಬಲಗಡೆಗೆ ಬೇರೆಯಾಗಿ ಕೇಳುತ್ತದೆ. ಹಾಗಾಗಿ ಜಾಯಿಂಟ್ ಸ್ಟೀರಿಯೊ, 192. ಗಾತ್ರ 7 ಎಂಬಿ ಚಿಲ್ಲರೆ. ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದೆವು. ಹಾರಂಗಿ ಕಡೆ ನೆಟ್‌ವರ್ಕ್ ಇದ್ದದ್ದು ಒಂದೇ ಕಡ್ಡಿ, ಹೋಗಲು ಹತ್ತು ನಿಮಿಷ ಹಿಡಿಯಿತು.