ಸಿಪ್ಪೆಯ ಋಣ

ಸಿಪ್ಪೆಯ ಸಮೇತ ತಿನ್ನುವ ಬಟಾಣಿಯೊಂದಿದೆ ಎಂದಾಗ ಅಮ್ಮ ನಂಬಲಿಲ್ಲ. "ಪೊರೆ ತೆಗೆಯದೆ ತಿನ್ನೋಕಾಗುತ್ತೇನೋ?" ಎಂದು ನಕ್ಕಳು. ಬಟಾಣಿ ಸಿಪ್ಪೆಯ ವಿಚಾರದಲ್ಲಿ ಅವಳ ಮಾತಿಗೆ ನಮ್ಮ ಮನೆಯಲ್ಲಿ ಎದುರಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಮೈಸೂರಿನ ಒಂದು ದೊಡ್ಡ ಮನೆಗೆ ಅಡಿಗೆಗೆ ಹೋಗುತ್ತಿದ್ದಳು. ಚಳಿಗಾಲದಲ್ಲಿ ಅಲ್ಲಿ ಕಾಳು ಬಿಡಿಸಿ ಉಳಿದ ಬಟಾಣಿ ಸಿಪ್ಪೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವಳು. ಪ್ರತಿ ಸಿಪ್ಪೆಯ ಒಳಮೈಗೂ ಕಾಗದದಂಥ ಒಂದು ಗಟ್ಟಿ ಪೊರೆ. ತುದಿ ಮುರಿದು ಅದನ್ನು ಎಳೆದು ತೆಗೆದರೆ ಮೆತ್ತನೆಯ ಹಸಿರು ಉಳಿಯುತ್ತದೆ. ಒಂದು ಬಾಣಲೆ ಪಲ್ಯಕ್ಕೆ ಒಂದಿಡೀ ಸಂಜೆ ಬೇಕು. ಸಿಪ್ಪೆ ಎಲ್ಲಿಂದ ಬರುತ್ತದೆಂದು ತಿಳಿದ ದಿನ ನಾನು, "ಹಸುವಿಗೆ ಹಾಕೋದು ನನಗೆ ಬೇಡ" ಎಂದು ತಟ್ಟೆ ತಳ್ಳಿದೆ. ಅಮ್ಮ ಏನೂ ಅನ್ನದೆ ನನ್ನ ಪಾಲನ್ನೂ ತಾನೇ ತಿಂದಳು. ಮತ್ತೆಂದೂ ಸಿಪ್ಪೆ ತರಲಿಲ್ಲ.

ಕಳೆದ ಕಾರ್ತಿಕದಲ್ಲಿ ಸ್ನ್ಯಾಪ್ ಬಟಾಣಿಯ ಬೀಜವನ್ನು ರಾತ್ರಿ ನೆನೆಸಿಟ್ಟು, ಹಿತ್ತಿಲ ಮಡಿಯಲ್ಲಿ ಅಂಗುಲ ಆಳಕ್ಕೆ ಊರಿದೆ. ಅಮೆರಿಕದ ತಳಿವಿಜ್ಞಾನಿ ಕ್ಯಾಲ್ವಿನ್ ಲ್ಯಾಂಬಾರ್ನ್ ದಪ್ಪ ಸಿಪ್ಪೆಯ ಬಟಾಣಿಯನ್ನು ಪೊರೆಯಿಲ್ಲದ ಚಪ್ಪಟೆ ಬಟಾಣಿಯೊಡನೆ ಸಂಕರ ಮಾಡಿ ಪಡೆದ 'ಶುಗರ್ ಸ್ನ್ಯಾಪ್' ತಳಿ 1979ರಲ್ಲಿ ಹೊರಬಂತು. ಅಮ್ಮ ಉಗುರಿನಿಂದ ತೆಗೆಯುತ್ತಿದ್ದ ಪೊರೆಯನ್ನು ಆತ ಗಿಡದಿಂದಲೇ ತೆಗೆದಿದ್ದರು.

ವಾರದಲ್ಲಿ ಮೊಳಕೆ ಬಂತು. ಎಲೆಯ ತುದಿಯ ಎಳೆಗಳು ಗಾಳಿಯಲ್ಲಿ ತಡಕಾಡಿ, ನಾನು ಕಟ್ಟಿದ ಸೆಣಬಿನ ದಾರ ಸಿಕ್ಕೊಡನೆ ಸುತ್ತಿಕೊಂಡವು. ಗೊಬ್ಬರ ಹೆಚ್ಚು ಹಾಕಲಿಲ್ಲ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳೇ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಡಿಸೆಂಬರಿನಲ್ಲಿ ಬೂದಿ ರೋಗ ತಗುಲಿ ಎರಡು ಬಳ್ಳಿ ಕಿತ್ತೆಸೆದೆ. ಉಳಿದವು ಬಿಳಿ ಹೂ ಬಿಟ್ಟವು. ಬಿಸಿಲು ಬಲಿತರೆ ಕಾಯಿ ಕಚ್ಚದ ಗಿಡವಿದು, ಶಿವರಾತ್ರಿಯವರೆಗೆ ಕಾಯುವಂತಿಲ್ಲ.

ಸಂಕ್ರಾಂತಿಯ ವಾರ ಒಂದು ಬೊಗಸೆ ಕಾಯಿ ಸಿಕ್ಕಿತು. ಮೊರದಲ್ಲಿಟ್ಟು ಅಮ್ಮನ ಮುಂದಿಟ್ಟೆ. ಎಂಬತ್ನಾಲ್ಕರ ಬೆರಳು ಹಳೆಯ ಅಭ್ಯಾಸದಿಂದಲೇ ತುದಿ ಮುರಿಯಿತು, ಅಂಚಿನ ನಾರು ಎಳೆಯಿತು, ಕಾಯಿ ಸೀಳಿ ಒಳಗೆ ಉಗುರಾಡಿಸಿತು. ಮತ್ತೊಂದು, ಇನ್ನೊಂದು.

"ಪೊರೆಯೇ ಇಲ್ಲವಲ್ಲೋ!"

ಕಾಯಿತುರಿ ಹಾಕಿ ಐದು ನಿಮಿಷದಲ್ಲಿ ಪಲ್ಯ ಆಯಿತು. ಅಮ್ಮ ತನಗೆ ಒಂದು ಚಮಚ ಉಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ನನ್ನ ತಟ್ಟೆಗೆ ಬಡಿಸಿದಳು.

"ಇವತ್ತಾದರೂ ತಿನ್ನು" ಎಂದಳು.

ಅವಳು ಮರೆತಿರಲಿಲ್ಲ. ನಾನು ತಲೆ ತಗ್ಗಿಸಿ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡೆ.