ಬೂತಾಯಿಯೂ ಊರು ಬಿಟ್ಟಾಗ



ಸಂಘದ ಕಾರ್ಯಕ್ರಮಗಳಲ್ಲಿ ನಿಮ್ಮನ್ನು ಕಂಡಾಗಲೆಲ್ಲ ನಾವು ಹಿರಿಯರು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಊರು ಯಾವುದು?" ಮುಂಬಯಿಯಲ್ಲೇ ಹುಟ್ಟಿ ಬೆಳೆದ ನೀವು ಒಂದು ಕ್ಷಣ ತಡವರಿಸಿ ಅಜ್ಜನ ಊರಿನ ಹೆಸರು ಹೇಳುತ್ತೀರಿ. ಇಂದು ನಿಮಗೆ ನಮ್ಮ ಕರಾವಳಿಯದೇ ಆದ ಇನ್ನೊಂದು ಜೀವಿಯ ಊರಿನ ಬಗ್ಗೆ ಹೇಳಬೇಕೆಂದಿದ್ದೇನೆ. ಅದೂ ನಮ್ಮಂತೆ ಉತ್ತರದ ದಾರಿ ಹಿಡಿದಿದೆ. ಅದು ಬೂತಾಯಿ ಮೀನು. ಸಸ್ಯಾಹಾರಿ ಮನೆಯ ಮಕ್ಕಳು ಪುಟ ತಿರುವಬೇಡಿ, ಇದು ಅಡಿಗೆಯ ಲೇಖನವಲ್ಲ!

ತುಳುವಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಮಲಯಾಳದಲ್ಲಿ ಮತ್ತಿ, ಇಲ್ಲಿನ ಕೋಳಿ ಹೆಂಗಸರ ಬುಟ್ಟಿಯಲ್ಲಿ ತಾರ್ಲಿ. ನಾನು ಹುಟ್ಟಿದ್ದು ಮಲ್ಪೆಗೆ ಹತ್ತಿರದ ಒಂದು ಕಡಲತಡಿಯ ಹಳ್ಳಿಯಲ್ಲಿ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ರಂಪಣಿ ಬಲೆ ಇಳಿಯುತ್ತಿತ್ತು. ಬಲೆಯ ಎರಡು ತುದಿಗಳನ್ನು ಹಿಡಿದು ಊರಿಗೆ ಊರೇ ದಡಕ್ಕೆ ಎಳೆಯುತ್ತಿತ್ತು. ಹಗ್ಗಕ್ಕೆ ಕೈಹಚ್ಚಿದ ನಮ್ಮಂಥ ಹುಡುಗರಿಗೂ ಒಂದು ಪಾಲು. ಮೀನು ವಿಪರೀತ ಬಿದ್ದ ವರ್ಷ ಅಮ್ಮ ಉಪ್ಪು ಹಾಕಿ ಒಣಗಿಸಿ ಉಳಿದದ್ದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದಳು. ಬಡವರ ಮನೆಯಲ್ಲಿ ಮನುಷ್ಯನಿಗೂ ಮರಕ್ಕೂ ಒಂದೇ ಊಟ! ಹೋಟೆಲಿನ ಕೆಲಸ, ರಾತ್ರಿಶಾಲೆಯ ಓದು ಎಂದು ನಾನು ಮುಂಬಯಿಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಆ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ರಂಪಣಿಯೂ ಮೂಲೆ ಸೇರಿತು.

ಈ ಮೀನು ನಮ್ಮ ದಂಡೆಯನ್ನೇ ಏಕೆ ಆರಿಸಿಕೊಂಡಿತ್ತು? ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಅದರಿಂದ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಕೋಟ್ಯಂತರವಾಗಿ ಹುಲುಸಾಗಿ ಬೆಳೆಯುತ್ತವೆ. ಬೂತಾಯಿಗೆ ಅದೇ ಹುಲ್ಲುಗಾವಲು. ಮಳೆಗಾಲದಲ್ಲೇ ಅದು ಮೊಟ್ಟೆಯಿಡುವುದೂ ಇದಕ್ಕಾಗಿಯೇ. ಕೇರಳದಿಂದ ಭಟ್ಕಳದವರೆಗಿನ, ಅಂದರೆ ಸುಮಾರು 8ರಿಂದ 14 ಡಿಗ್ರಿ ಉತ್ತರ ಅಕ್ಷಾಂಶದ ಪಟ್ಟಿ ಅದರ ತವರು. 1985ಕ್ಕೆ ಮೊದಲು ದೇಶದಲ್ಲಿ ಸಿಗುತ್ತಿದ್ದ ಬೂತಾಯಿ ಹೆಚ್ಚುಕಡಿಮೆ ಎಲ್ಲವೂ ಅಲ್ಲಿಯದೇ.

ಆಮೇಲೆ ಲೆಕ್ಕ ಬದಲಾಗತೊಡಗಿತು. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗಮನಿಸಿದಂತೆ, ಬೂತಾಯಿ ಉತ್ತರದ ದಂಡೆಗಳಲ್ಲೂ, ಪೂರ್ವದಲ್ಲಿ ತಮಿಳುನಾಡಿನ ಕಡಲಲ್ಲೂ ಹೇರಳವಾಗಿ ಸಿಗತೊಡಗಿತು. ಹಿಂದೆ ಅದಕ್ಕೆ ಒಗ್ಗದಿದ್ದ ನೀರು ಈಗ ಒಗ್ಗುವಷ್ಟು ಬೆಚ್ಚಗಾಗಿದೆ ಎಂಬುದು ಅವರ ವಿವರಣೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸರಾಸರಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ಒಂದು ಡಿಗ್ರಿ ಎಂದರೆ ನಮಗೆ ಲೆಕ್ಕಕ್ಕಿಲ್ಲ, ಫ್ಯಾನಿನ ವೇಗ ಒಂದಿಷ್ಟು ಹೆಚ್ಚಿಸಿದರೆ ಮುಗಿಯಿತು. ಆದರೆ ಮೀನಿನ ಮೈಯ ಬಿಸಿ ನೀರಿನ ಬಿಸಿಯೊಂದಿಗೇ ಏರಿಳಿಯುತ್ತದೆ. ಅದರ ಹಸಿವು, ಬೆಳವಣಿಗೆ, ಮೊಟ್ಟೆಯಿಡುವ ಕಾಲ ಎಲ್ಲವೂ ಅದಕ್ಕೆ ಕಟ್ಟುಬಿದ್ದಿವೆ.

ಎಲ್ಲ ಮೀನೂ ಒಂದೇ ದಾರಿ ಹಿಡಿಯುವುದಿಲ್ಲ. ಬಂಗುಡೆಯನ್ನು ನೋಡಿ. ಅದು ಮೇಲ್ನೀರಿನ ಮೀನು. 1985-89ರಲ್ಲಿ ತಳ ಎಳೆಯುವ ಟ್ರಾಲ್ ಬಲೆಗೆ ಬೀಳುತ್ತಿದ್ದದ್ದು ಒಟ್ಟು ಬಂಗುಡೆಯಲ್ಲಿ ಶೇಕಡ 2 ಮಾತ್ರ. 2003-07ರ ಹೊತ್ತಿಗೆ ಅದು ಶೇಕಡ 15ರಷ್ಟಾಯಿತು. ಅಂದರೆ ಬಂಗುಡೆ ಆಳಕ್ಕೂ ಇಳಿಯುತ್ತಿದೆ. ಇನ್ನು ನಸುಗೆಂಪು ಬಣ್ಣದ ಮದ್ಮಾಲ್. ತುಳುವಿನಲ್ಲಿ ಹಾಗೆಂದರೆ ಮದುಮಗಳು. ಮುಂಬಯಿಗೆ ಬಂದರೆ ಅವಳೇ 'ರಾಣಿ'! ಚೆನ್ನೈ ಕಡಲಿನಲ್ಲಿ ಈ ಜಾತಿಯ ಮೀನು ಜಾಗ ಬದಲಿಸುವ ಬದಲು ಕಾಲವನ್ನೇ ಬದಲಿಸಿತು. ಬಿಸಿ ತಿಂಗಳುಗಳಲ್ಲಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡಿ, ಅಕ್ಟೋಬರದಿಂದ ಮಾರ್ಚಿಯವರೆಗಿನ ತಂಪು ತಿಂಗಳುಗಳಿಗೆ ಸರಿಸಿಕೊಂಡಿತು. ಒಂದು ವಲಸೆ ಹೋಯಿತು, ಒಂದು ಆಳಕ್ಕಿಳಿಯಿತು, ಒಂದು ಮುಹೂರ್ತ ಬದಲಿಸಿತು.

ಹಾಗಾದರೆ ಚಿಂತೆ ಏಕೆ, ಮೀನು ಹೇಗೋ ಬದುಕಿಕೊಳ್ಳುತ್ತದಲ್ಲ ಎಂದು ನೀವು ಕೇಳಬಹುದು. ಕೇರಳದ ಅಂಕಿಗಳನ್ನು ಕೇಳಿ. 2012ರಲ್ಲಿ ಅಲ್ಲಿ ಸಿಕ್ಕ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ ಬರೇ 3,297 ಟನ್! ಮರುವರ್ಷ ಅದು ಮತ್ತೆ 1 ಲಕ್ಷ ಟನ್ ದಾಟಿತು, ನಿಜ. ಇಂಥ ಏರಿಳಿತ ಬೂತಾಯಿಗೆ ಹೊಸದಲ್ಲ, 1940ರ ದಶಕದಲ್ಲೂ ಅದು ಮಾಯವಾಗಿತ್ತು. ಎಲ್ಲ ತಪ್ಪನ್ನೂ ಹವಾಮಾನದ ತಲೆಗೆ ಕಟ್ಟುವುದೂ ಸರಿಯಲ್ಲ. ಮರಿ ಮೀನನ್ನೂ ಬಿಡದೆ ಬಾಚುವ ನಮ್ಮ ದುರಾಸೆಯ ಪಾಲು ಅದರಲ್ಲಿ ದೊಡ್ಡದಿದೆ. ಆದರೆ ಬಿಸಿಯಿಂದ ಬಳಲಿದ ಕಡಲಿಗೆ ನಮ್ಮ ದುರಾಸೆಯನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ.

ಮೀನಿಗೆ ಗಡಿಯಿಲ್ಲ, ಈಜಿಕೊಂಡು ಹೋಗುತ್ತದೆ. ದೊಡ್ಡ ಬೋಟಿನ ಯಜಮಾನ ಡೀಸೆಲ್ ಸುಟ್ಟು ಅದರ ಬೆನ್ನು ಹತ್ತುತ್ತಾನೆ. ದಡದ ಸಣ್ಣ ದೋಣಿಯವನು ಏನು ಮಾಡಬೇಕು? ನನ್ನ ಭಾವ ಅಂಥವರಲ್ಲಿ ಒಬ್ಬರು. ಮೀನಿಲ್ಲದ ವರ್ಷ ಫೋನಿನಲ್ಲಿ ಅವರೆಂದರು, "ಕಡಲಿನ ಲೆಕ್ಕ ನನಗೆ ಗೊತ್ತಿತ್ತು ಮಾರಾಯ. ಈಗ ಗಾಳಿ ನೋಡಿ ಹೋದರೂ ಬಲೆ ಖಾಲಿ." ಅಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಮೂವರು ಮಕ್ಕಳನ್ನು ಓದಿಸಿದವಳು. ಆ ವರ್ಷ ಅವಳ ಬುಟ್ಟಿ ಅಟ್ಟ ಸೇರಿತ್ತು. ತಲೆಮಾರುಗಳಿಂದ ಕೂಡಿಟ್ಟ ಅರಿವು ಕಣ್ಣೆದುರೇ ಸುಳ್ಳಾಗುವುದು ಹಣದ ನಷ್ಟಕ್ಕಿಂತ ದೊಡ್ಡ ನಷ್ಟ. ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆ ಈ ಸಂಕಟ ಅರ್ಥವಾಗಬೇಕಲ್ಲವೇ?

ನಿಮ್ಮಿಂದ ಏನಾದೀತು ಎನ್ನಬೇಡಿ. ಮಾರುಕಟ್ಟೆಗೆ ಹೋದಾಗ ಬೆರಳುದ್ದದ ಮರಿ ಮೀನನ್ನು ಕೊಳ್ಳಬೇಡಿ. ಗಿರಾಕಿಯಿಲ್ಲದ ಮರಿಯನ್ನು ಯಾರೂ ಹಿಡಿದು ತರುವುದಿಲ್ಲ. ಅಜ್ಜ ಅಜ್ಜಿ ಇದ್ದರೆ ಪಕ್ಕದಲ್ಲಿ ಕುಳಿತು ಕೇಳಿ. ಯಾವ ತಿಂಗಳು ಯಾವ ಮೀನು ಬರುತ್ತಿತ್ತು, ಘಟ್ಟದ ಮೇಲಿನವರಾದರೆ ಮಾವು ಯಾವಾಗ ಹೂ ಬಿಡುತ್ತಿತ್ತು, ಮೊದಲ ಮಳೆಗೆ ಯಾವ ಹಕ್ಕಿ ಕೂಗುತ್ತಿತ್ತು ಎಂದು. ಅದನ್ನು ಇಸವಿ ಸಹಿತ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಕನ್ನಡ ಬರೆಯಲು ಕಷ್ಟವಾದರೆ ಬರುವ ಲಿಪಿಯಲ್ಲೇ ಬರೆಯಿರಿ, ಹೆಸರುಗಳನ್ನು ಮಾತ್ರ ಅವರು ಹೇಳಿದಂತೆಯೇ ಇಡಿ. ಹಿಂದೆ ಹೇಗಿತ್ತೆಂದು ತಿಳಿಯದೆ ಏನು ಬದಲಾಯಿತೆಂದು ಯಾರೂ ಹೇಳಲಾರರು. ವಿಜ್ಞಾನಿಗಳಿಗೂ ಬೇಕಾದದ್ದು ಅಂಥ ಲೆಕ್ಕವೇ. ಈ ರಜೆಯಲ್ಲಿ ಊರಿಗೆ ಹೋಗುವವರು ಒಂದು ಪುಟವಾದರೂ ತುಂಬಿಸಿಕೊಂಡು ಬನ್ನಿ, ನಮ್ಮ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಖಂಡಿತ ಇರುತ್ತದೆ.