ಉಣಕಲ್ ಕೆರೆ ಕಂಡೊಡನೆ

ಧಾರವಾಡದ ಜ್ಯೂಬಿಲಿ ವೃತ್ತದಲ್ಲಿ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವರಲ್ಲಿ ನೀವೂ ಒಬ್ಬರಾಗಿದ್ದರೆ ನನ್ನ ಮಾತು ಬೇಗ ಅರ್ಥವಾದೀತು. ಸುಮಾರು 20 ಕಿಲೋಮೀಟರಿನ ಹಾದಿ. ನವನಗರದವರೆಗೆ ಕಿಟಕಿಯ ಪಕ್ಕ ನೆಮ್ಮದಿಯಿಂದ ಕುಳಿತಿರುತ್ತಿದ್ದ ನನಗೆ, ಉಣಕಲ್ ಕೆರೆಯ ನೀರು ಕಂಡೊಡನೆ ಹೊಟ್ಟೆಯೊಳಗೆ ಗಂಟು ಬಿದ್ದಂತಾಗುತ್ತಿತ್ತು. ಆಹಾರದ ದೋಷವೆಂದು ಆರು ತಿಂಗಳು ಗುಳಿಗೆ ನುಂಗಿದೆ. ಭಾನುವಾರ ಮಗನೊಡನೆ ಅದೇ ಕೆರೆಯ ದಂಡೆಗೆ ಹೋದರೆ ನೋವು ಇರುತ್ತಿರಲಿಲ್ಲ. ಇದನ್ನು ಗಮನಿಸಿದವಳು ನನ್ನ ಪತ್ನಿ.

ನಾನು ಲೆಕ್ಕ ಬರೆಯುತ್ತಿದ್ದ ಖಾಸಗಿ ಕಚೇರಿಯ ಮೇಲಧಿಕಾರಿ ಯಾರ ಮೇಲೂ ಕೈಯೆತ್ತಿದವರಲ್ಲ. ಬೆಳಿಗ್ಗೆ ಬಾಯಿಮಾತಿನಲ್ಲಿ ಕೊಟ್ಟ ಆದೇಶವನ್ನು ಸಂಜೆ 'ನಾನೆಲ್ಲಿ ಹೇಳಿದೆ?' ಎನ್ನುತ್ತಿದ್ದರು. ತಪ್ಪು ಸಿಕ್ಕರೆ ಚಹಾ ತರುವ ಹುಡುಗನೂ ಸೇರಿದಂತೆ ಎಲ್ಲರಿಗೂ ಕೇಳುವಂತೆ, 'ನಿಮ್ಮಂಥವರಿಗೆ ಸಂಬಳ ಕೊಡುವುದೇ ದಂಡ' ಎನ್ನುತ್ತಿದ್ದರು. ಹಿರಿಯರೊಬ್ಬರಲ್ಲಿ ಹೇಳಿಕೊಂಡಾಗ, 'ಸಹಿಸಿಕೋ, ಅದು ನಿನ್ನ ಪಾಲಿನ ಶಿಲುಬೆ' ಎಂದರು. ಒಂದು ವರ್ಷ ಆ ಮಾತಿಗೆ ತಲೆಬಾಗಿದೆ. ಈಗ ಒಪ್ಪಲಾರೆ. ಒಬ್ಬನ ದುರಹಂಕಾರವನ್ನು ಇನ್ನೊಬ್ಬನ ಶಿಲುಬೆಯೆಂದು ಕರೆಯುವುದು, ಹೊರುವವರು ನಾವಲ್ಲದಿದ್ದಾಗ, ಬಹಳ ಸುಲಭ.

ಒಂದು ರಾತ್ರಿ ಎಂಟು ವರ್ಷದ ಮಗ ಗಣಿತದ ಪುಸ್ತಕ ಹಿಡಿದು ಬಂದ. ಭಾಗಾಕಾರ ತಪ್ಪಾಗಿತ್ತು. 'ನಿನ್ನಂಥವನಿಗೆ ಫೀಸು ಕಟ್ಟುವುದೇ ದಂಡ' ಎಂದೆ. ಧ್ವನಿ ನನ್ನದಾಗಿರಲಿಲ್ಲ; ಆ ಏರಿಳಿತವೂ, ಕೊನೆಯಲ್ಲಿ ತುಟಿ ಬಿಗಿದದ್ದೂ ಅವರದೇ. ಮಗ ಅಳಲಿಲ್ಲ. ಪುಸ್ತಕ ಮುಚ್ಚಿ ಒಳಗೆ ಹೋದ.

ನಮ್ಮ ಕಡೆ 'ಅವನನ್ನು ಧಾರವಾಡಕ್ಕೆ ಕಳಿಸಬೇಕು' ಎಂದರೆ ಅರ್ಥ ಒಂದೇ. ಧಾರವಾಡದಲ್ಲೇ ಇದ್ದೂ ಡಿಮ್ಹಾನ್ಸ್ ಆಸ್ಪತ್ರೆಯ ಬಾಗಿಲು ದಾಟಲು ನನಗೆ ಮೂರು ವಾರ ಹಿಡಿಯಿತು. ಅಲ್ಲಿ ನನ್ನ ಮಾತನ್ನು ಯಾರೂ ನಗಲಿಲ್ಲ. (ಅಷ್ಟು ದೂರ ಹೋಗಲಾಗದವರಿಗೆ 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416.) ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ದುಡಿಮೆಯ ಒತ್ತಡದಿಂದಾಗುವ ತೀವ್ರ ಬಳಲಿಕೆಯನ್ನು ತನ್ನ ವರ್ಗೀಕರಣದಲ್ಲಿ ನಮೂದಿಸಿದ್ದು ರೋಗವೆಂದಲ್ಲ, ಉದ್ಯೋಗದಿಂದ ಹುಟ್ಟುವ ಸ್ಥಿತಿಯೆಂದು ಎಂಬುದನ್ನು ಆಮೇಲೆ ಓದಿದೆ. ನನಗೆ ಅದು ಔಷಧಿಗಿಂತ ಹೆಚ್ಚು ಹಿತವೆನಿಸಿತು.

ಅಂದಿನಿಂದ ನಡೆದದ್ದನ್ನೆಲ್ಲ ದಿನಾಂಕ, ಗಂಟೆ, ಆಡಿದ ಮಾತಿನ ಸಮೇತ ಒಂದು ಚಿಕ್ಕ ವಹಿಯಲ್ಲಿ ಬರೆದಿಡತೊಡಗಿದೆ. ಎರಡು ತಿಂಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು: ಬೈಗುಳವೆಲ್ಲ ತಿಂಗಳ ಕೊನೆಯಲ್ಲಿ, ಬೆಂಗಳೂರಿನ ಕರೆ ಬಂದ ಮೇಲೆ. ಅವರನ್ನೂ ಯಾರೋ ಹಾಗೆಯೇ ಹಣಿಯುತ್ತಿದ್ದರು. ಹಾಗೆಂದು ನನ್ನ ಮನಸ್ಸು ಕರಗಲಿಲ್ಲ. ಆದರೆ ಆ ಮಾತುಗಳು ನನ್ನ ಯೋಗ್ಯತೆಯ ತೀರ್ಪಲ್ಲವೆಂದು ತಿಳಿಯಿತು. ಬಾಯಿಮಾತಿನ ಆದೇಶಗಳನ್ನು ಅಂದೇ ಇಮೇಲಿನಲ್ಲಿ, 'ತಾವು ಹೇಳಿದಂತೆ' ಎಂದು ಒಂದು ಸಾಲು ಬರೆದು ಕಳಿಸುತ್ತಿದ್ದೆ. 'ನಾನೆಲ್ಲಿ ಹೇಳಿದೆ' ನಿಂತಿತು. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಷ್ಟು ಹಳೆಯದು, ವಾರಕ್ಕೆ 48 ಗಂಟೆಯ ಮಿತಿ ಅದರಲ್ಲೇ ಇದೆ ಎಂದು ತಿಳಿದ ಮೇಲೆ ರಾತ್ರಿಯ ಕರೆಗಳಿಗೆ ಬೆಳಿಗ್ಗೆ ಉತ್ತರಿಸುವ ಧೈರ್ಯವೂ ಬಂತು. ಮೂವರು ಸಹೋದ್ಯೋಗಿಗಳು ಸೇರಿ ಪ್ರಧಾನ ಕಚೇರಿಗೆ ಬರೆದೆವು. 'ಪರಿಶೀಲಿಸುತ್ತೇವೆ' ಎಂಬ ಉತ್ತರ ಬಂತು. ಅಷ್ಟೇ.

ಕೊನೆಗೆ ಧಾರವಾಡದಲ್ಲೇ ಕಡಿಮೆ ಸಂಬಳದ ಕೆಲಸವೊಂದು ಸಿಕ್ಕಿತು, ಹೋದೆ.

ಆ ವಹಿ ಇನ್ನೂ ನನ್ನಲ್ಲಿದೆ. ಅದರ ಮೊದಲ ಪುಟದಲ್ಲಿರುವುದು ಮೇಲಧಿಕಾರಿಯ ಮಾತಲ್ಲ, ನಾನು ಮಗನಿಗೆ ಆಡಿದ್ದು. ಅವನಲ್ಲಿ ಕ್ಷಮೆ ಕೇಳಿದ್ದೇನೆ. 'ಇರಲಿ ಬಿಡಪ್ಪಾ' ಎಂದ. ಲೆಕ್ಕವನ್ನು ಮಾತ್ರ ಇಂದಿಗೂ ಮೊದಲು ಅಮ್ಮನಿಗೇ ತೋರಿಸುತ್ತಾನೆ.